ತಲೆಗೆ ಹುಯ್ದ ಹಾಲು

ಫಾರಂ ತುಂಬಿದವಳು ನಾನೇ. ಪ್ರಶ್ನೆ ಕೇಳುವ ಮೊದಲೇ ಉತ್ತರ ಬರೆದಿದ್ದೆ, ಅದೂ ಗೂಡಲೂರಿನ ಬಸ್ಸಿನಲ್ಲಿ, ಚಿನ್ನಮನೂರು ದಾಟಿದ ಮೇಲೆ, ತೊಡೆಯ ಮೇಲೆ ಫೈಲು ಇಟ್ಟುಕೊಂಡು. ದೀಕ್ಷಾಸ್ನಾನ ಕೊಟ್ಟವರು ಮಗುವಿನ ತಲೆಯ ಮೇಲೆ ನೀರು ಸುರಿದರೇ? ಹೌದು. ಪಿತ, ಸುತ, ಪವಿತ್ರಾತ್ಮರ ಹೆಸರು ಹೇಳಿದರೇ? ಹೌದು. ಧರ್ಮಸಭೆ ಮಾಡುವುದನ್ನೇ ಮಾಡಬೇಕೆಂಬ ಉದ್ದೇಶ ಇತ್ತೇ? ಹೌದು. ಇಂಥವನ್ನು ನಾನು ಎಷ್ಟೋ ತುಂಬಿದ್ದೇನೆ, ಇಲ್ಲ ಎಂದವರನ್ನು ಕಂಡಿರಲಿಲ್ಲ. ಇಳಿದು ಸಹಿ ಹಾಕಿಸಿಕೊಂಡು, ಒಂದು ಕಾಫಿ ಕುಡಿದು, ಸಂಜೆಯೊಳಗೆ ದಿಂಡಿಗಲ್ಲಿಗೆ ವಾಪಸ್ಸಾಗುವ ಹಂಚಿಕೆ ನನ್ನದು. ಆತುರಗೇಡಿ ಎಂದು ನನ್ನ ತಾಯಿ ಬೈಯುತ್ತಿದ್ದದ್ದು ಸುಮ್ಮನೆ ಅಲ್ಲ.

ಕೆಲಸ ಇಷ್ಟೇ ಇತ್ತು. ಇಪ್ಪತ್ತೇಳು ವರ್ಷದ ಒಬ್ಬ ಡೀಕನ್, ಅಂದರೆ ಚರ್ಚಿನ ಗುರುವಾಗುವ ಮೊದಲಿನ ಕೊನೆಯ ಮೆಟ್ಟಿಲಲ್ಲಿ ನಿಂತವನು, ಇನ್ನು ಹದಿನೆಂಟು ದಿನಕ್ಕೆ ಗುರುದೀಕ್ಷೆ ಪಡೆಯಬೇಕಿತ್ತು. ಆಹ್ವಾನ ಪತ್ರಿಕೆ ಅಚ್ಚಾಗಿ ಹಂಚಿಯೂ ಆಗಿತ್ತು. ಅವನು ಹುಟ್ಟಿದ್ದು ಬೋಡಿಮೆಟ್ಟಿನ ಮೇಲಿನ ಏಲಕ್ಕಿ ತೋಟದ ಒಂದು ಶೆಡ್ಡಿನಲ್ಲಿ, ಎಂಟು ತಿಂಗಳಿಗೇ. ತಾಯಿ ತೋಟದ ಕೂಲಿಯವಳು, ಕಥೋಲಿಕಳು. ಹೆತ್ತ ಮೂರು ಗಂಟೆಗೆ ತೀರಿಕೊಂಡಳು. ಮಗುವೂ ಉಳಿಯುವುದಿಲ್ಲವೆಂದು, ಹೆರಿಗೆ ಮಾಡಿಸಿದ ತೋಟದೊಡತಿಯೇ ಆ ತಾಯಿಯ ಕೋರಿಕೆಯಂತೆ ದೀಕ್ಷಾಸ್ನಾನ ಕೊಟ್ಟಿದ್ದಳು. ಆಕೆ ಹಿಂದೂ. ಪ್ರಾಣಾಪಾಯದಲ್ಲಿ ಯಾರು ಬೇಕಾದರೂ ಕೊಡಬಹುದು, ಕ್ರೈಸ್ತರೇ ಆಗಬೇಕೆಂದಿಲ್ಲ. ಇದು ಧರ್ಮಸಭೆಯ ಬಹಳ ಹಳೆಯ ಮಾತು, ನಾನು ತರಗತಿಯಲ್ಲಿ ಹೆಮ್ಮೆಯಿಂದ ಹೇಳುವ ಮಾತು. ರಿಜಿಸ್ಟರಿನಲ್ಲಿ ಎಲ್ಲ ದಾಖಲಾಗಿತ್ತು, ಸಾಕ್ಷಿಯ ಸಹಿ ಮಾತ್ರ ಇರಲಿಲ್ಲ. ಧರ್ಮಾಧ್ಯಕ್ಷರ, ಅಂದರೆ ಬಿಷಪ್ಪರ, ಕಚೇರಿಗೆ ಹೊಸದಾಗಿ ಬಂದ ಕಾರ್ಯದರ್ಶಿ ಗುರುಗಳಿಗೆ ಖಾಲಿ ಜಾಗ ಕಂಡರೆ ಆಗುವುದಿಲ್ಲ.

"ಟೀಚರ್, ಆ ತೋಟದೊಡತಿ ಅಜ್ಜಿ ಕನ್ನಡದ ಮನೆಯವರಂತೆ. ನಿಮ್ಮ ಭಾಷೆ. ನೀವೇ ಹೋಗಿ ಒಂದು ಸಹಿ ತಂದುಬಿಡಿ," ಎಂದರು.

ನಾನು ಮೈಸೂರು ಕಡೆಯವಳು. ಮದುವೆಯಾಗಿ ದಿಂಡಿಗಲ್ಲಿಗೆ ಬಂದು, ಊರೂರಿನ ಚರ್ಚುಗಳಲ್ಲಿ ಧರ್ಮಪಾಠ ಹೇಳುವ ಉಪದೇಶಿಗಳಿಗೆ ತರಬೇತಿ ಕೊಡುತ್ತೇನೆ. ಕಂಬಂ ಕಣಿವೆಯಲ್ಲಿ ಎಷ್ಟೋ ತಲೆಮಾರಿನ ಹಿಂದೆ ಬಂದು ನೆಲೆಸಿದ ಕನ್ನಡದ ಒಕ್ಕಲು ಮನೆತನಗಳಿವೆಯೆಂದು ಕೇಳಿದ್ದೆ, ಒಳಗೆ ಕಾಲಿಟ್ಟಿರಲಿಲ್ಲ. ಕನ್ನಡ ಆಡಬಹುದಲ್ಲ ಎಂಬ ಆಸೆಗೇ ಒಪ್ಪಿಕೊಂಡೆ.

ತೋಟ ಬೆಟ್ಟದ ಮೇಲಾದರೂ ಅಜ್ಜಿಯ ಮನೆ ಗೂಡಲೂರಿನ ಆಚೆ, ಕುಮಿಳಿ ಘಾಟಿ ಶುರುವಾಗುವ ಕಡೆ, ದ್ರಾಕ್ಷಿ ಚಪ್ಪರಗಳ ನಡುವೆ. ಎಪ್ಪತ್ತೈದು ದಾಟಿದ ಗಟ್ಟಿ ಹೆಂಗಸು. ಡೀಕನ್ ಆಕೆಯನ್ನು ಅವ್ವ ಎನ್ನುತ್ತಿದ್ದ, ನಾನೂ ಹಾಗೇ ಕರೆದೆ. ಮೊದಲು ತಮಿಳಿನಲ್ಲೇ ಮಾತಾಡಿದೆವು. ಫಾರಂ ತೋರಿಸಿ, ಇಲ್ಲಿ ಎಂದೆ. ತಮಿಳಕ್ಷರದಲ್ಲಿ ನಿಧಾನವಾಗಿ ಸಹಿ ಹಾಕಿದಳು. ಆಮೇಲೆ ಒಳಗಿದ್ದ ಸೊಸೆಯನ್ನು ಕೂಗಿ, "ಕಾಪಿ ಕಾಸಮ್ಮಿ," ಎಂದಳು. ನನಗೆ ತಡೆಯಲಾಗಲಿಲ್ಲ. "ಸಕ್ಕರೆ ಕಮ್ಮಿ ಹಾಕೋಕೆ ಹೇಳಿ ಅವ್ವ," ಎಂದುಬಿಟ್ಟೆ.

"ಅಯ್ಯೋ ನನ್ ತಾಯೀ! ನಮ್ ಮಾತಾಡ್ತೀಯಾ ನೀನು? ಮೊದ್ಲೇ ಏಳಾಕೇನಾಗಿತ್ತು?" ಎಂದು ನನ್ನ ಗಲ್ಲ ಹಿಡಿದಳು. "ಎಲ್ಲಿಂದ ಬಂದೋಳು? ಮೈಸೂರಾ? ನಮ್ ಮುತ್ತಾತ್ನೋರೆಲ್ಲ ಆ ಕಡೆಯಿಂದ್ಲೇ ಬಂದಿದ್ದಂತೆ. ನನ್ ಮೊಮ್ಮಕ್ಕಳು ನಾನಾಡಿದ್ದೆಲ್ಲ ತಿಳ್ಕೊತವೆ, ಬಾಯಿ ಬಿಟ್ರೆ ತಮಿಳು. ಕುಂತ್ಕೋ, ಇಂಗೆ ಅಟ್ಟಿ ಒಳಗೆ ಬಾ."

ಹೀಗೆ ಜಗಲಿಯಿಂದ ನಡುಮನೆಗೆ ಬಂದೆ. ಬರಬಾರದಿತ್ತು ಎಂದು ಆಮೇಲೆ ಎಷ್ಟು ಸಲ ಅಂದುಕೊಂಡೆನೋ. ಕಾಫಿ ಬಂತು. ಅವ್ವ ತಾನಾಗಿಯೇ ಆ ದಿನದ ಕಥೆ ತೆಗೆದಳು. ಇಪ್ಪತ್ತೇಳು ವರ್ಷದಲ್ಲಿ ಪೂರ್ತಿಯಾಗಿ, ತನ್ನ ಮಾತಿನಲ್ಲಿ, ಯಾರಿಗೂ ಹೇಳಿರಲಿಲ್ಲವಂತೆ. ಯಾರೂ ಕೇಳಿರಲಿಲ್ಲವಂತೆ. ಹಕಾರ ಬಿಟ್ಟ ಆಕೆಯ ಕನ್ನಡದಲ್ಲಿ ನಡುನಡುವೆ ತಮಿಳು ಬೆರೆಯುತ್ತಿತ್ತು, ಮಗುವಿಗೆ ಪುಳ್ಳೆ, ಆಮೇಲೆ ಎನ್ನುವುದಕ್ಕೆ ಅಪ್ಪುರಂ.

"ಮಂಜು ಅಂದ್ರೆ ಮಂಜು, ಮೊಗ ಕಾಣ್ತಿರ್ಲಿಲ್ಲ. ಜೀಪು ಕೆಳಗೆ ಬೋಡಿಗೆ ಓಗಿತ್ತು. ಪುಳ್ಳೆ ಇಷ್ಟೇ ಇತ್ತು ನೋಡು, ನನ್ ಅಂಗೈ ಉದ್ದ. ಅವ್ಳಿಗೆ ರಕ್ತ ನಿಲ್ತಿಲ್ಲ. ಅಕ್ಕಾ, ಮಗೂಗೆ ಗ್ನಾನಸ್ನಾನ ಕೊಡು, ತಲೆ ಮೇಲೆ ಉಯ್ಯಿ, ನಾನೇಳ್ದಂಗೆ ಏಳು ಅಂದ್ಳು. ಒಂದೊಂದೇ ಮಾತು ಏಳ್ಕೊಟ್ಳು. ನಾನೂ ಏಳ್ದೆ, ಉಯ್ದೆ. ಆಯ್ತಾ ಅಕ್ಕಾ ಅಂದ್ಳು. ಆಯ್ತು ತಾಯಿ ಅಂದೆ. ನಕ್ಳು ಪಾವ. ಅಪ್ಪುರಂ ಕಣ್ಣೇ ತೆಗೀಲಿಲ್ಲ."

ನನ್ನ ಕಣ್ಣಲ್ಲೂ ನೀರು ಬಂತು. ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡು, ಸ್ವಲ್ಪ ಹೆಮ್ಮೆಯಿಂದಲೇ ಹೇಳಿದಳು: "ನೀರು ಉಯ್ಯಿ ಅಂತಿದ್ಳು. ನಾನೇನು ಅಷ್ಟು ತಿಳೀದೋಳಾ? ಇರೋ ಚಳೀಲಿ ತಲೆ ಮೇಲೆ ನೀರಾ? ನಮ್ಮಲ್ಲಿ ತಲೆಗೆ ತಣ್ಣೀರು ಉಯ್ಯೋದು ಎಣಕ್ಕೆ. ಸಾಮಿಗಾದ್ರೆ ಆಲು ಉಯ್ತೀವಿ. ಪುಳ್ಳೇನ ಸಾಮಿಗೆ ಕೊಡ್ತಿದೀವಿ ಅಂದ್ಮೇಲೆ ಆಲೇ ಅಲ್ವಾ ಉಯ್ಯೋದು? ಆಗ್ತಾನೆ ಕರೆದ ಆಲಿತ್ತು, ಬೆಚ್ಚಗೆ. ಅದನ್ನೇ ಉಯ್ದೆ. ಅದ್ಕೇ ಪುಳ್ಳೆ ಉಳ್ಕೊಂತು."

ಲೋಟ ನನ್ನ ಕೈಯಲ್ಲೇ ಇತ್ತು. ಅದನ್ನು ನೆಲಕ್ಕಿಟ್ಟೆ.

ಪ್ರತಿ ವರ್ಷ ದೀಕ್ಷಾಸ್ನಾನದ ಪಾಠ ಮುಗಿದ ಮೇಲೆ ನಾನು ಉಪದೇಶಿಗಳಿಗೆ ತಮಾಷೆಗೆ ಒಂದು ಪ್ರಶ್ನೆ ಕೊಡುತ್ತೇನೆ. ಎಳನೀರಿನಲ್ಲಿ ಕೊಟ್ಟರೆ? ಚಹಾದಲ್ಲಿ? ಹಾಲಿನಲ್ಲಿ? ಎಲ್ಲರೂ ನಗುತ್ತಾರೆ. ತೆಳು ಚಹಾದ ಬಗ್ಗೆ ವಾದ ಮಾಡಬಹುದು, ಸಂಶಯವಿದೆ ಎನ್ನಬಹುದು. ಹಾಲಿನ ಬಗ್ಗೆ ವಾದವೇ ಇಲ್ಲ. ಖಂಡಿತ ಸಲ್ಲದು. ಅಂದರೆ ಈ ಹುಡುಗನಿಗೆ ದೀಕ್ಷಾಸ್ನಾನವೇ ಆಗಿಲ್ಲ. ಅದು ಆಗದಿದ್ದರೆ ಮಿಕ್ಕ ಯಾವ ಸಂಸ್ಕಾರವೂ ಅಂಟುವುದಿಲ್ಲ. ಅವನು ಏಳು ವರ್ಷದವನಿದ್ದಾಗಿನಿಂದ ಸ್ವೀಕರಿಸಿದ ಪರಮಪ್ರಸಾದ, ಆರು ತಿಂಗಳ ಹಿಂದಿನ ಡೀಕನ್ ದೀಕ್ಷೆ, ಇನ್ನು ಹದಿನೆಂಟು ದಿನಕ್ಕೆ ಆಗಲಿರುವ ಗುರುದೀಕ್ಷೆ, ಎಲ್ಲವೂ.

ಅವ್ವ ನನ್ನ ಮುಖ ನೋಡುತ್ತಿದ್ದಳು. "ಯಾಕಮ್ಮಿ, ತಪ್ಪಾಯ್ತಾ?"

"ಇಲ್ಲ ಅವ್ವ, ಏನೂ ತಪ್ಪಿಲ್ಲ," ಎಂದೆ.

ಅದು ಸುಳ್ಳು. ಬ್ಯಾಗಿನಲ್ಲಿ ಇನ್ನೊಂದು ಸುಳ್ಳು, ಆಕೆಯ ಸಹಿಯೊಂದಿಗೆ, ನನ್ನ ಕೈಬರಹದಲ್ಲಿ, ಮಡಚಿ ಕೂತಿತ್ತು. ತೇನಿಯಲ್ಲಿ ಬಸ್ಸು ಬದಲಾಯಿಸುವಾಗ ಆ ಬ್ಯಾಗನ್ನು ಸೀಟಿನಲ್ಲೇ ಮರೆತು ಇಳಿದುಬಿಟ್ಟರೆ ಹೇಗೆ ಎಂದು ನಿಜವಾಗಿಯೂ ಯೋಚಿಸಿದೆ. ಕಂಡಕ್ಟರು ಓಡಿಬಂದು ಕೊಡುತ್ತಾನೆ. ನನ್ನ ಅದೃಷ್ಟವೇ ಅಂಥದು.

ಅವ್ವನ ಬಗ್ಗೆ ಒಂದು ಮಾತು ಹೇಳಲೇಬೇಕು. ಮಗುವಿನ ಅಪ್ಪ ಹೆಂಡತಿಯನ್ನು ಮಣ್ಣು ಮಾಡಿ ಎಲ್ಲಿಗೋ ಹೋದವನು ತಿರುಗಿ ಬರಲಿಲ್ಲ. ಮಗುವನ್ನು ಸಾಕಿದವಳು ಅವ್ವ. ಸತ್ತವಳಿಗೆ ಮಾತು ಕೊಟ್ಟಿದ್ದೇನೆಂದು, ತನ್ನ ಕುಲದವರು ಆಡಿಕೊಂಡರೂ ಬಿಡದೆ, ಪ್ರತಿ ಭಾನುವಾರ ಅವನನ್ನು ಚರ್ಚಿಗೆ ಕರೆತಂದು ಒಳಗೆ ಕಳಿಸಿ ತಾನು ಹೊರಗೆ ಬೇವಿನ ಮರದ ಕೆಳಗೆ ಕೂರುತ್ತಿದ್ದಳಂತೆ. ಊರಿನ ಕ್ರೈಸ್ತರು ಆಕೆಯನ್ನು ಕಂಡರೆ ಎದ್ದು ನಿಲ್ಲುತ್ತಾರೆ. ಇವನಿಗೆ ದೀಕ್ಷಾಸ್ನಾನ ಕೊಟ್ಟ ಕೈ ಎನ್ನುತ್ತಾರೆ. ಗುರುದೀಕ್ಷೆಯ ದಿನ ಅವನನ್ನು ಪೀಠದವರೆಗೆ ಕರೆದೊಯ್ದು ಧರ್ಮಾಧ್ಯಕ್ಷರಿಗೆ ಒಪ್ಪಿಸಬೇಕಾದವಳೂ ಆಕೆಯೇ. ನಾನು ಬಾಯಿ ಬಿಟ್ಟರೆ ಆ ಜಾಗ ಹೋಗುತ್ತದೆ. ಬಿಡದಿದ್ದರೆ ಆ ಹುಡುಗ ಜೀವನಪೂರ್ತಿ ಗುರುವಲ್ಲದ ಗುರುವಾಗಿ ಪೀಠದ ಮೇಲೆ ನಿಲ್ಲುತ್ತಾನೆ.

ಮೂರು ದಿನ ನಮ್ಮ ತರಬೇತಿ ಕೇಂದ್ರದ ಗ್ರಂಥಾಲಯದಲ್ಲಿ ಕೂತೆ. ಒಂದು ಕಿಂಡಿ ಸಿಕ್ಕರೆ ಸಾಕು ಎಂದು ಹುಡುಕಿದೆ. ಸಂಸ್ಕಾರಕ್ಕೆ ಮೂರು ಬೇಕು: ವಸ್ತು, ಮಾತು, ಉದ್ದೇಶ. ಮಾತು ಸರಿಯಿತ್ತು, ಸಾಯುತ್ತಿದ್ದ ತಾಯಿಯೇ ಹೇಳಿಕೊಟ್ಟಿದ್ದಳು. ಉದ್ದೇಶ ನನ್ನದಕ್ಕಿಂತ ಚೊಕ್ಕಟವಾಗಿತ್ತು. ವಸ್ತು ಮಾತ್ರ ಇಲ್ಲ. ನೀರಿನಿಂದಲೂ ಆತ್ಮದಿಂದಲೂ ಹುಟ್ಟದೆ ಆಗದು ಎಂದು ಯೇಸು ಒಬ್ಬ ಯೆಹೂದಿ ಹಿರಿಯನಿಗೆ ಹೇಳಿದ ಭಾಗ ತೆಗೆದೆ. ಮರುಭೂಮಿಯ ದಾರಿಯಲ್ಲಿ ರಥದಲ್ಲಿ ಹೋಗುತ್ತಿದ್ದ ಪರದೇಶದ ಅಧಿಕಾರಿ ನೀರು ಕಂಡೊಡನೆ ದೀಕ್ಷಾಸ್ನಾನಕ್ಕೆಂದು ರಥ ನಿಲ್ಲಿಸಿದ ಭಾಗ ತೆಗೆದೆ. ಎಲ್ಲಿ ನೋಡಿದರೂ ನೀರು. ನೂರಾರು ವರ್ಷದ ಹಿಂದೆ ಯಾವುದೋ ಚಳಿ ದೇಶದಲ್ಲಿ ನೀರು ಸಿಗದೆ ಮಕ್ಕಳಿಗೆ ಬಿಯರಿನಲ್ಲಿ ಕೊಟ್ಟಿದ್ದರಂತೆ, ಪೋಪರವರೆಗೆ ಪತ್ರ ಹೋಗಿತ್ತಂತೆ. ಉತ್ತರ ಆಗದು ಎಂದೇ ಬಂದಿತ್ತು.

ಎರಡನೆಯ ದಿನ ಮಧ್ಯಾಹ್ನ ಒಂದು ಸಿಕ್ಕಿತು. ಮೊದಲ ಶತಮಾನಗಳ ಕೆಲವು ಸಭೆಗಳಲ್ಲಿ ಹೊಸದಾಗಿ ದೀಕ್ಷಾಸ್ನಾನ ಪಡೆದವರಿಗೆ ಹಾಲು ಜೇನು ಕೊಡುತ್ತಿದ್ದರು! ಕುರ್ಚಿಯಿಂದ ಎದ್ದೇಬಿಟ್ಟೆ. ಆಮೇಲೆ ಮುಂದಿನ ಸಾಲು ಓದಿದೆ: ನೀರಿನಿಂದ ಎದ್ದು ಬಂದ ಮೇಲೆ, ಕುಡಿಯುವುದಕ್ಕೆ. ಮತ್ತೆ ಕೂತೆ. ಯೇಸುವಿನ ಪಕ್ಕದ ಶಿಲುಬೆಯಲ್ಲಿ ಸಾಯುತ್ತಾ ಸ್ವರ್ಗದ ಮಾತು ಪಡೆದ ಕಳ್ಳನಿಗೆ ಯಾರು ನೀರು ಹಾಕಿದರು, ಹಸುಗೂಸಾಗಿಯೇ ಹತರಾದ ಬೆತ್ಲೆಹೇಮಿನ ಮಕ್ಕಳನ್ನು ನಾವೇ ಸಂತರೆನ್ನುವುದಿಲ್ಲವೇ ಎಂದು ನನ್ನೊಳಗೇ ಜಗಳ ತೆಗೆದೆ. ಸತ್ತವರಿಗೆ ಅದೆಲ್ಲ ಸರಿ. ದೇವರಿಗೆ ಬಿಡಬಹುದು. ಇವನು ಬದುಕಿದ್ದಾನೆ, ಊರಲ್ಲಿ ನೀರಿದೆ, ನನಗೆ ಗೊತ್ತಿದೆ.

ಉಳಿದದ್ದು ಸಂಶಯದ ದಾರಿ ಒಂದೇ. ಆಗಿದೆಯೋ ಇಲ್ಲವೋ ಎಂದು ನಿಜವಾದ ಸಂಶಯವಿದ್ದರೆ, 'ಮೊದಲೇ ಪಡೆದಿಲ್ಲವಾದರೆ' ಎಂಬ ಷರತ್ತಿನ ಮೇಲೆ ಸದ್ದಿಲ್ಲದೆ ನೀರು ಹಾಕಬಹುದು. ಅವ್ವ ಕೊಟ್ಟದ್ದೇ ಸರಿಯಾಗಿದ್ದಿರಬಹುದು ಎಂಬ ಮಾತು ಹಾಗೇ ಉಳಿಯುತ್ತದೆ. ಆಕೆಯ ಜಾಗವೂ ಉಳಿಯುತ್ತದೆ. ನನಗೆ ಬೇಕಾದದ್ದು ಒಂದು ಚೂರು ಸಂಶಯ.

ಮೊದಲು ಆಗಿನ ವಿಚಾರಣಾ ಗುರುಗಳನ್ನು, ಅಂದರೆ ಆಗ ಊರಿನ ಚರ್ಚಿನ ಹೊಣೆ ಹೊತ್ತಿದ್ದವರನ್ನು, ಹುಡುಕಿಕೊಂಡು ಹೋದೆ. ಈಗ ನಿವೃತ್ತರು, ವೇದಸಂದೂರಿನ ಆಚೆ ನೂಲಿನ ಮಿಲ್ಲುಗಳ ನಡುವೆ ವಯಸ್ಸಾದ ಗುರುಗಳ ಮನೆಯಲ್ಲಿದ್ದಾರೆ. ಪ್ರಾಣಾಪಾಯದಲ್ಲಿ ದೀಕ್ಷಾಸ್ನಾನ ಪಡೆದ ಮಗು ಉಳಿದರೆ, ಆಮೇಲೆ ಚರ್ಚಿಗೆ ತಂದು ಎಣ್ಣೆ, ಬಿಳಿ ವಸ್ತ್ರ, ಮೇಣದಬತ್ತಿಯ ವಿಧಿಗಳನ್ನು ಪೂರೈಸುತ್ತಾರೆ. ಆಗ ಇವರು ಮುನ್ನೆಚ್ಚರಿಕೆಗೆಂದು ಒಂದು ಬೊಗಸೆ ನೀರನ್ನೂ ಹಾಕಿರಬಹುದಲ್ಲ?

"ಹಾಕಲಿಲ್ಲ," ಎಂದರು. ನೆನಪು ಚೆನ್ನಾಗಿತ್ತು. "ಒಂದು ಸಲ ಆದದ್ದನ್ನು ಮತ್ತೆ ಮಾಡುವುದು ಅಪಚಾರ. ಸಂಶಯವಿದ್ದರೆ ಮಾತು ಬೇರೆ. ಆ ಹೆಂಗಸಿನ ಮುಖ ನೋಡಿದರೆ ಯಾರಿಗೆ ಸಂಶಯ ಬರುತ್ತದೆ? ಹೆಸರು ಹೇಳಿದೆಯಾ ಅಂದೆ, ಹೇಳಿದೆ ಅಂದಳು. ತಲೆ ಮೇಲೆ ಹುಯ್ದೆಯಾ ಅಂದೆ, ಹುಯ್ದೆ ಅಂದಳು."

"ಏನು ಹುಯ್ದೆ ಅಂತ ಕೇಳಿದಿರಾ, ಫಾದರ್?"

"ಅದನ್ನು ಯಾರು ಕೇಳುತ್ತಾರೆ ಟೀಚರ್!" ಎಂದು ನಕ್ಕರು. ನಾನು ನಗಲಿಲ್ಲವೆಂದು ಅವರ ನಗೆಯೂ ನಿಂತಿತು. ಆದರೆ ಮುಂದೆ ಏನೂ ಕೇಳಲಿಲ್ಲ. ಹೊರಡುವಾಗ ನನ್ನ ತಲೆ ಮೇಲೆ ಕೈಯಿಟ್ಟು ಸಾಮಾನ್ಯಕ್ಕಿಂತ ಹೆಚ್ಚು ಹೊತ್ತು ಆಶೀರ್ವಾದ ಮಾಡಿದರು.

ಮಾರನೆಯ ದಿನ ಮತ್ತೆ ಗೂಡಲೂರಿನ ಬಸ್ಸು ಹತ್ತಿದೆ. ಈಗ ನನ್ನ ತಲೆಯಲ್ಲಿದ್ದದ್ದು ಹೇಳಿಕೊಳ್ಳಲು ನಾಚಿಕೆಯಾಗುವಂಥ ಲೆಕ್ಕಾಚಾರ. ಬೆಟ್ಟದ ಮೇಲೆ ಒಂದೇ ಹಸು. ಕೂಲಿಯವರಿಗೆಲ್ಲ ಕಾಫಿ ಆಗಬೇಕು. ಹಾಲಿಗೆ ನೀರು ಬೆರೆಸಿರಲೇಬೇಕು. ಅರ್ಧಕ್ಕಿಂತ ಹೆಚ್ಚು ನೀರಿದ್ದರೆ ಅದನ್ನು ಬೆಳ್ಳಗಿನ ನೀರು ಎಂದು ವಾದಿಸಬಹುದು. ಸಂಶಯ ಹುಟ್ಟುತ್ತದೆ. ಅಷ್ಟು ಸಾಕು.

ಅವ್ವ ನನ್ನನ್ನು ಕಂಡು ಕುಣಿದಳು. ರಾಗಿ ಹಿಟ್ಟು ಉಂಡೇ ಹೋಗಬೇಕೆಂದಳು. ನಾನು ಉಂಡು, ಕೈ ತೊಳೆದು, ಆದಷ್ಟು ಸಹಜವಾಗಿ ಕೇಳಿದೆ: "ಅವ್ವ, ಆವತ್ತಿನ ಹಾಲಿಗೆ ನೀರು ಬೆರೆಸಿದ್ರಾ? ತೋಟದಲ್ಲಿ ಅಷ್ಟು ಜನ ಇದ್ರಲ್ಲ, ತೆಳ್ಳಗೆ ಮಾಡಿರ್ತೀರಿ."

"ನೀರಾಲಾ?" ಅವ್ವನ ದನಿ ಏರಿತು. "ನಮ್ಮನೇಲಾ? ಏನಂದ್ಕೊಂಡಿದ್ದೀಯೆ ನಮ್ಮನ್ನ? ನಮ್ ಕುಲದಾಗೆ ಆಲಿಗೆ ನೀರು ಮುಟ್ಸಿದ್ರೆ ಅಟ್ಟೀಲಿ ದನ ನಿಲ್ಲಾಕಿಲ್ಲ. ನಮ್ಮಪ್ಪ ಒಂದ್ಸಲ ನೀರು ಬೆರೆಸಿದ್ಳು ಅಂತ ನಮ್ ಚಿಕ್ಕಮ್ಮನ್ನ ಮೂರ್ ತಿಂಗ್ಳು ಅಟ್ಟೀಗೇ ಬಿಟ್ಟಿರ್ಲಿಲ್ಲ. ಸಾಯೋ ಪುಳ್ಳೆ ತಲೆಗೆ ನಾನು ನೀರಾಲು ಉಯ್ದೆ ಅಂತೀಯಾ? ಗಟ್ಟಿ ಆಲು ಕಣೇ! ನೊರೆ ಇನ್ನೂ ಆರಿರ್ಲಿಲ್ಲ!"

ಒಂದೊಂದು ಮಾತಿಗೂ ನನ್ನ ಕಿಂಡಿ ಮುಚ್ಚುತ್ತಾ ಹೋಯಿತು. ಮುಖ ಮುಚ್ಚಿಕೊಂಡು ಕೂತೆ. ಅವ್ವ ನನ್ನ ಕೈ ಸರಿಸಿ ಮುಖ ನೋಡಿದಳು. ದಡ್ಡಿಯಲ್ಲ ಆಕೆ.

"ಯಾಕೆ ಕೇಳ್ತಿದ್ದೀಯ? ನಿಜ ಏಳು."

ಹೇಳಿದೆ. ಎಲ್ಲವನ್ನೂ, ಆದಷ್ಟು ಮೆತ್ತಗೆ. ನೀರೇ ಆಗಬೇಕಿತ್ತು ಅವ್ವ, ಹಾಲು ಎಷ್ಟು ಶ್ರೇಷ್ಠವಾದರೂ ಆಗದು ಎಂದೆ. ಆಕೆ ದನದ ಕೊಟ್ಟಿಗೆಯ ಕಡೆ ಮುಖ ಮಾಡಿದಳು.

"ಅಂಗಾದ್ರೆ ಅವ್ಳಿಗೆ ಆಯ್ತು ಅಂದ್ನಲ್ಲ ನಾನು? ಅದು?"

ನಾನು ಬಾಯಿ ತೆರೆಯುವ ಮೊದಲೇ ಆಕೆ ನನ್ನ ಕಡೆ ತಿರುಗಿದಳು. "ಸರಿ ಬಿಡು. ನೀರೇ ಉಯ್ದೆ ಅಂತ ಬರ್ಕೋ."

"ಅವ್ವ..."

"ಅಲ್ಲಿದ್ದೋಳು ನಾನೊಬ್ಳೇ. ನಾನೇಳ್ತಿದ್ದೀನಿ, ನೀರೇ ಉಯ್ದಿದ್ದು. ಸಹಿ ಬೇಕಾದ್ರೆ ಇನ್ನೊಂದ್ಸಲ ಆಕ್ತೀನಿ."

"ಫಾರಂನಲ್ಲಿ ಆಗಲೇ ಹಾಗೇ ಬರೆದಿದೆ ಅವ್ವ. ನಾನೇ ಬರೆದದ್ದು."

"ಅಪ್ಪುರಂ ಏನು? ಕೊಟ್ಟುಬಿಡು. ನೀನು ನಮ್ಮೋಳು ಅಂತ ಏಳ್ದೆ ತಾಯಿ. ಬೇರೆಯೋರಾಗಿದ್ರೆ ಏಳ್ತಿದ್ನಾ?" ಎಂದು ನನ್ನ ಕೈ ಹಿಡಿದುಕೊಂಡಳು. ಆ ಕೈ ಬಿಡಿಸಿಕೊಂಡು ಬಸ್ಸಿಗೆ ಹೋಗುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ನಿಯಮದ ಪ್ರಕಾರ ನಂಬಲರ್ಹವಾದ ಒಬ್ಬ ಸಾಕ್ಷಿ ಸಾಕು. ಸಾಕ್ಷಿ ಇದ್ದಾಳೆ, ಸಹಿ ಇದೆ, ಫಾರಂ ಸರಿಯಾಗಿದೆ. ನಾನೊಬ್ಬಳು ಕಾಫಿ ಕುಡಿಯದೆ ಬಂದಿದ್ದರೆ ಲೋಕದಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕಾರ್ಯದರ್ಶಿ ಗುರುಗಳು ಫೋನ್ ಮಾಡಿ, "ಟೀಚರ್, ಆ ಸಹಿ ಎಲ್ಲಿ?" ಎಂದರು. ಅವ್ವ ಊರಲ್ಲಿರಲಿಲ್ಲ ಎಂದೆ. ಮತ್ತೆ ಮಾಡಿದರು. ಜ್ವರ ಎಂದೆ. ಸುಳ್ಳು ನನಗೆ ಇಷ್ಟು ಸಲೀಸಾಗಿ ಬರುತ್ತದೆಂದು 'ಸುಳ್ಳು ಸಾಕ್ಷಿ ಹೇಳಬೇಡ' ಎಂಬ ಕಟ್ಟಳೆಯನ್ನು ಪಾಠ ಮಾಡುವಾಗ ಗೊತ್ತಿರಲಿಲ್ಲ. ಗಂಡ ಕೇಳಿದರೆ ಅವರ ಮೇಲೆ ಹಾರಿಬಿದ್ದೆ. ತರಗತಿಯಲ್ಲಿ ಒಬ್ಬ ಉಪದೇಶಿ ಸಂಸ್ಕಾರಗಳ ಬಗ್ಗೆ ಏನೋ ಕೇಳಿದರೆ ನಾಳೆ ಹೇಳುತ್ತೇನೆ ಎಂದೆ. ಎತ್ತ ತಿರುಗಿದರೂ ಗೋಡೆ. ಹೇಳಿದರೆ ಅವ್ವನಿಗೆ ದ್ರೋಹ, ಹೇಳದಿದ್ದರೆ ಅವನಿಗೆ.

ಗುರುದೀಕ್ಷೆಗೆ ಎಂಟು ದಿನ ಇರುವಾಗ ನಮ್ಮ ಬೀದಿಯಲ್ಲಿ ಒಬ್ಬ ಮುದುಕಿ ಹಾಸಿಗೆ ಹಿಡಿದಿದ್ದಳೆಂದು ನೋಡಲು ಹೋದೆ. ಗುರುಗಳು ಬಂದು ಪಾಪನಿವೇದನೆ ಕೇಳಿ, ಎಣ್ಣೆ ಹಚ್ಚಿ ಹೋಗಿದ್ದರು. "ಎಲ್ಲ ಆಯ್ತಾ ಟೀಚರ್?" ಎಂದು ಮುದುಕಿ ಕೇಳಿದಳು. ಆಯಿತು ಎಂದೆ. ಅವಳು ಸಮಾಧಾನವಾಗಿ ಕಣ್ಣು ಮುಚ್ಚಿದಳು. ನಾನು ಅಲ್ಲೇ ಮಂಚದ ಕಾಲು ಹಿಡಿದು ನಿಂತೆ. ನಾಳೆ ಇವನೂ ಹೀಗೆ ಮನೆಮನೆಗೆ ಹೋಗುತ್ತಾನೆ. ಸಾಯುವವರು ಅವನ ಕೈ ನಂಬಿ ಕಣ್ಣು ಮುಚ್ಚುತ್ತಾರೆ. ಆಗಿಲ್ಲ ಎಂದು ತಿಳಿದವಳು ಇಡೀ ಕಣಿವೆಯಲ್ಲಿ ಅವ್ವನನ್ನು ಬಿಟ್ಟರೆ ನಾನೊಬ್ಬಳೇ ಆಗಿರುತ್ತೇನೆ. ಅವ್ವ ತಿಳಿಯದೆ ಆಯ್ತು ಎಂದಿದ್ದಳು. ನಾನು ತಿಳಿದೂ ತಿಳಿದೂ ಪ್ರತಿ ದಿನ ಅದನ್ನೇ ಹೇಳಿದ ಹಾಗಾಗುತ್ತದೆ. ಅಲ್ಲಿಂದ ಮನೆಗೂ ಹೋಗದೆ ಡೀಕನ್ ಇದ್ದ ಧ್ಯಾನಕೇಂದ್ರಕ್ಕೆ ಆಟೋ ಹಿಡಿದೆ. ಕಚೇರಿಗೆ ಮೊದಲು ಅವನಿಗೇ ಹೇಳಬೇಕು ಎಂದಷ್ಟೇ ನಿರ್ಧರಿಸಿದ್ದೆ.

ಅವನು ಅಲ್ಲಿನ ತೋಟದ ಕಲ್ಲುಬೆಂಚಿನ ಮೇಲೆ ಕೂತು ಎಲ್ಲ ಕೇಳಿಸಿಕೊಂಡ. ಆಮೇಲೆ ಕೇಳಿದ: "ಫಾರಂನಲ್ಲಿ ಏನಿದೆ?"

"ನೀರು ಅಂತ ಇದೆ."

"ನನಗೆ ಹೇಳಿ ನೀವು ಹಗುರಾದಿರಿ, ಅಲ್ವಾ ಟೀಚರ್?"

ಹೊಡೆದ ಹಾಗಾಯಿತು. ಹೌದು ಎಂದೆ. ಬೇರೇನು ಹೇಳಲಿ?

"ಹಾಗಾದರೆ ಇಷ್ಟು ವರ್ಷ ಪೀಠದ ಮುಂದೆ ಮೊಣಕಾಲೂರಿ ನಾನು ಮಾಡಿದ್ದೇನು? ಎಲ್ಲ ನಾಟಕವಾ?"

"ಅಲ್ಲಪ್ಪ. ದೇವರು ನಮ್ಮನ್ನು ಸಂಸ್ಕಾರಗಳಿಗೆ ಕಟ್ಟಿದ್ದಾನೆ, ತನ್ನನ್ನು ಕಟ್ಟಿಕೊಂಡಿಲ್ಲ. ಧರ್ಮಸಭೆ ಹೇಳುವುದೇ ಅದನ್ನು. ನಿನ್ನ ಹತ್ತಿರ ಬರುವುದಕ್ಕೆ ಆತ ನೀರಿಗಾಗಿ ಕಾಯ್ದಿರುವುದಿಲ್ಲ."

"ಮತ್ತೆ ಬಿಟ್ಟುಬಿಡಿ."

"ಆತ ಬಿಡಬಹುದು. ನಾನು ನೀನು ಕಟ್ಟುಬಿದ್ದವರು," ಎಂದೆ. ಎಷ್ಟೋ ವರ್ಷ ಆ ಮಾತನ್ನು ಕಪ್ಪುಹಲಗೆಯ ಮೇಲೆ ಬರೆದಿದ್ದೇನೆ. ಒಬ್ಬನ ಮುಖ ನೋಡಿ ಹೇಳಿದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಇಬ್ಬರೂ ಗೂಡಲೂರಿಗೆ ಹೋದೆವು. ದಾರಿಯುದ್ದಕ್ಕೂ ಅವನು ಕಿಟಕಿಯ ಕಡೆ ಮುಖ ಮಾಡಿದ್ದ. ಅವ್ವ ನಮ್ಮಿಬ್ಬರನ್ನೂ ಒಟ್ಟಿಗೆ ಕಂಡೊಡನೆ ಎಲ್ಲ ತಿಳಿದುಕೊಂಡಳು. ನನ್ನ ಕಡೆ ಒಂದು ಸಲ ನೋಡಿದಳು, ಅಷ್ಟೇ. ಅವನು ಆಕೆಯ ಕಾಲ ಬಳಿ ನೆಲದ ಮೇಲೆ ಕೂತ.

"ಅವ್ವಾ, ಅವತ್ತು ಏನು ಉಯ್ದೆ?"

"ನೀರು."

"ನನ್ನ ನೋಡಿ ಏಳವ್ವ."

ಆಕೆ ಅವನ ತಲೆ ಮೇಲೆ ಕೈಯಿಟ್ಟಳು, ಮಗುವಿನ ನೆತ್ತಿ ಮುಟ್ಟುವ ಹಾಗೆ. "ಆಲು, ಕಣ್ಣು. ಆಲು ಉಯ್ದೆ. ಒಳ್ಳೇದು ಅಂತ ಉಯ್ದೆ. ನಂಗೇನು ಗೊತ್ತು? ನೀನು ಸಾಯ್ತಿದ್ದೆ."

ಅವನು ಆಕೆಯ ಮಡಿಲಲ್ಲಿ ಮುಖವಿಟ್ಟು ಅತ್ತುಬಿಟ್ಟ. ಆರಡಿ ಗಂಡಸು. ನಾನು ಎದ್ದು ಜಗಲಿಗೆ ಬಂದೆ. ಒಳಗಿನಿಂದ ಅವ್ವನ ದನಿ ಕೇಳುತ್ತಿತ್ತು: "ನಾನು ಮಾಡಿದ್ದು ಸಲ್ಲಾಕಿಲ್ಲ ಅಂತಾಯ್ತಲ್ಲ. ಅಂಗಾದ್ರೆ ನಾನು ನಿನಗೆ ಯಾರು?" ಅವನು ಏನು ಹೇಳಿದನೋ ಕೇಳಿಸಲಿಲ್ಲ.

ಅದೇ ಜಗಲಿಯ ಮೇಲೆ ಹೊಸ ಫಾರಂ ತುಂಬಿದೆ. ಈ ಸಲ ಒಂದೊಂದು ಪ್ರಶ್ನೆಯನ್ನೂ ಕೇಳಿ, ಉತ್ತರ ಬಂದ ಮೇಲೆ ಬರೆದೆ. ಅವ್ವ ತಮಿಳಿನಲ್ಲಿ ಉತ್ತರ ಕೊಟ್ಟಳು. ಸಂಕಟದಲ್ಲಿದ್ದಾಳೆ, ಅದಕ್ಕೆ ಇರಬೇಕೆಂದುಕೊಂಡೆ. ಹಳೆಯದನ್ನು ಎರಡು ಚೂರು ಮಾಡಿ ಅದರ ಜೊತೆಗೇ ಲಗತ್ತಿಸಿದೆ. ಎರಡನ್ನೂ ಕಾರ್ಯದರ್ಶಿ ಗುರುಗಳ ಮೇಜಿನ ಮೇಲಿಟ್ಟು, ಜ್ವರದ ಸುಳ್ಳನ್ನೂ ಒಪ್ಪಿಕೊಂಡೆ. ಅವರು ಓದಿ, ಕನ್ನಡಕ ತೆಗೆದು, "ಅಯ್ಯೋ ದೇವರೇ," ಎಂದರು. ನಿಯಮದ ಮನುಷ್ಯನ ಬಾಯಲ್ಲಿ ಅಷ್ಟಾದರೂ ಬಂತಲ್ಲ ಎನಿಸಿತು.

ಗುರುದೀಕ್ಷೆ ಆರು ತಿಂಗಳು ಮುಂದಕ್ಕೆ ಹೋಯಿತು. ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಯಿತು. ಅವನು ಡೀಕನ್ ಆಗಿ ಕೊಟ್ಟಿದ್ದ ದೀಕ್ಷಾಸ್ನಾನಗಳು ಮಾತ್ರ ಸರಿಯಾಗಿಯೇ ಇದ್ದವು, ಯಾಕೆಂದರೆ ಅವುಗಳಲ್ಲಿ ನೀರಿತ್ತು. ಧರ್ಮಾಧ್ಯಕ್ಷರು ಒಂದು ಬೆಳಿಗ್ಗೆ ತಮ್ಮ ಚಿಕ್ಕ ಪ್ರಾರ್ಥನಾಲಯದಲ್ಲಿ, ನಾಲ್ಕೈದು ಜನರ ಎದುರು, ಅವನ ತಲೆಯ ಮೇಲೆ ಮೂರು ಸಲ ನೀರು ಸುರಿದರು. ಪಕ್ಕದಲ್ಲಿ ನಿಲ್ಲಲು ಒಬ್ಬ ಜ್ಞಾನತಾಯಿ ಬೇಕು. ಅವ್ವ ನಿಲ್ಲುವಂತಿಲ್ಲ, ಕಥೋಲಿಕರೇ ಆಗಬೇಕು. ಅವನು ನನ್ನನ್ನು ಕೇಳಿದ. ಯಾಕಪ್ಪ ನಾನು ಎಂದೆ. "ಸತ್ಯ ಬಂದು ಹೇಳಿದವರು ನೀವೊಬ್ಬರೇ, ಮತ್ಯಾರನ್ನು ಕೇಳಲಿ?" ಎಂದ. ಹೀಗೆ ಅವನ ಭುಜದ ಮೇಲೆ ಬಲಗೈ ಇಟ್ಟು ನಿಂತವಳು ನಾನು. ಅವ್ವ ಹಿಂದಿನ ಬೆಂಚಿನಲ್ಲಿ ಕೈಕಟ್ಟಿ ಕೂತಿದ್ದಳು. ನನಗೆ ಅತ್ತ ತಿರುಗುವ ಧೈರ್ಯ ಬರಲಿಲ್ಲ. ರಿಜಿಸ್ಟರಿನಲ್ಲಿ ಆಕೆಯ ಹೆಸರಿಲ್ಲ, ನನ್ನದಿದೆ.

ಅಂಥದೇ ಸಂದರ್ಭ ಮತ್ತೆ ಬಂದರೆ ನಾನು ಅದನ್ನೇ ಮಾಡುತ್ತೇನೆ. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ. ಸಮಾಧಾನ ಆಗಿಲ್ಲ.

ಗುರುದೀಕ್ಷೆ ಗೂಡಲೂರಿನಲ್ಲೇ ಆಯಿತು. ಅವನನ್ನು ಪೀಠದವರೆಗೆ ಕರೆದೊಯ್ದವಳು ಅವ್ವನೇ, ಅವನು ಅದನ್ನು ಬಿಟ್ಟುಕೊಡಲಿಲ್ಲ. ಆಮೇಲೆ ಚಪ್ಪರದಲ್ಲಿ ಊಟ. ಅವ್ವನ ಕಡೆಯ ನೆಂಟರಿಷ್ಟರೆಲ್ಲ ಬಂದಿದ್ದರು, ನನ್ನ ಎಲೆಯ ಆಚೀಚೆ ಎಲ್ಲ ಕನ್ನಡವೇ. ಅವ್ವ ಸಾಲಿನಲ್ಲಿ ವಿಚಾರಿಸಿಕೊಳ್ಳುತ್ತಾ ಬಂದಳು. "ಏ, ಅವ್ನಿಗೆ ಇನ್ನೊಂಚೂರು ಎಸರಾಕು. ಏನ್ಲೇ ತಿಂತಿದ್ದೀಯ ಕೋಳಿಯಂಗೆ? ಅತ್ತಿಗೆ, ಪಾಯಸ ಬಂತಾ?" ನನ್ನ ಎಲೆಯ ಮುಂದೆ ನಿಂತಳು. ನಾನು ತಲೆಯೆತ್ತಿ, "ಚೆನ್ನಾಗಿದ್ದೀರಾ ಅವ್ವ?" ಎಂದೆ.

"ನಲ್ಲಾ ಇರುಕ್ಕೇನ್, ಟೀಚರ್. ನಲ್ಲಾ ಸಾಪಿಡುಂಗ," ಎಂದಳು. ಚೆನ್ನಾಗಿದ್ದೇನೆ ಟೀಚರ್, ಚೆನ್ನಾಗಿ ಊಟ ಮಾಡಿ ಎಂದು, ತಮಿಳಿನಲ್ಲಿ, ಬಹುವಚನದಲ್ಲಿ, ಚರ್ಚಿನಿಂದ ಬಂದ ದೊಡ್ಡವರಿಗೆ ಹೇಳುವ ಹಾಗೆ.

"ನನ್ನ ಜೊತೆ ನಮ್ಮ ಮಾತಾಡಿ ಅವ್ವ," ಎಂದೆ.

ಆಕೆ ಮರ್ಯಾದೆಯಿಂದ ನಕ್ಕು, ನನ್ನ ಎಲೆಗೆ ಅನ್ನ ಬಡಿಸುವಂತೆ ತಮಿಳಿನಲ್ಲೇ ಹೇಳಿ, ಪಕ್ಕದ ಎಲೆಗೆ ಹೋದಳು. ಅಲ್ಲಿದ್ದ ಹೆಂಗಸಿಗೆ, "ಏನಮ್ಮಿ, ಯಾವಾಗ ಬಂದೆ? ಅಟ್ಟೀಗೆ ಬಂದು ಓಗು," ಎಂದಳು.